ಮಳೆಯಲ್ಲಿ ಧನರಾಜ್ ಪಿಳ್ಳೈ ಊರಿಗೆ

ಪುಣೆಗೆ ಹೋದವರು ಶನಿವಾರವಾಡೆ ನೋಡುತ್ತಾರೆ, ಸಿಂಹಗಡ ಹತ್ತುತ್ತಾರೆ, ಬರುವಾಗ ಬಾಕರವಡಿ ತರುತ್ತಾರೆ. ನಾನೂ ನನ್ನ ಸೋದರಮಾವನೂ ಹೋಗಿದ್ದು ಖಡ್ಕಿ ನೋಡೋದಕ್ಕೆ. ಪುಣೆಗೆ ಅಂಟಿಕೊಂಡಿರುವ ದಂಡು ಪ್ರದೇಶ ಅದು. ಮದ್ದುಗುಂಡಿನ ಕಾರ್ಖಾನೆಗಳ ಊರು. ಹಾಕಿ ಆಟಗಾರ ಧನರಾಜ್ ಪಿಳ್ಳೈ 1968ರಲ್ಲಿ ಹುಟ್ಟಿದ್ದು, ಬೆಳೆದದ್ದು ಅಲ್ಲೇ. ಅಪ್ಪ ನಾಗಲಿಂಗಂ ಫ್ಯಾಕ್ಟರಿಯ ಮೈದಾನ ನೋಡಿಕೊಳ್ಳುತ್ತಿದ್ದರು. ಮಕ್ಕಳು ಮುರಿದ ಸ್ಟಿಕ್, ಎಸೆದ ಚೆಂಡು ಹಿಡಿದು ಕಾಲೊನಿಯ ಮಣ್ಣಿನಲ್ಲಿ ಆಡಿದರು.

ನಾನು ಧನರಾಜ್ ಅಭಿಮಾನಿ. ಆದರೆ ಈ ಅಭಿಮಾನ ಯಾವತ್ತೂ ಒಂದೇ ಥರ ಇರಲಿಲ್ಲ. ಹುಡುಗನಾಗಿದ್ದಾಗ ದೂರದರ್ಶನದಲ್ಲಿ ಅವನ ಉದ್ದ ಕೂದಲು ಹಾರುವುದು ಕಂಡರೆ ಸಾಕು, ಕೂತಲ್ಲಿಂದ ಏಳುತ್ತಿದ್ದೆ. ಆಮೇಲೆ ಒಂದು ಕಾಲ ಬಂತು. ಪೇಪರಿನಲ್ಲಿ ಅವನ ಹೆಸರು ಕಂಡರೆ ಪುಟ ತಿರುಗಿಸುತ್ತಿದ್ದೆ. ಮತ್ತೆ ಹಾಕಿ ಫೆಡರೇಷನ್ ಜೊತೆ ಜಗಳ, ಮತ್ತೆ ಸಿಟ್ಟಿನ ಹೇಳಿಕೆ, ಮತ್ತೆ ಕಣ್ಣೀರು. ಈ ಮನುಷ್ಯನಿಗೆ ಆಡಿಕೊಂಡು ಸುಮ್ನೆ ಇರೋಕೆ ಆಗಲ್ವಾ ಅನ್ನಿಸುತ್ತಿತ್ತು. ಈಗ ಮತ್ತೆ ಹಳೆಯ ಪಂದ್ಯಗಳ ತುಣುಕು ಹುಡುಕಿ ಹುಡುಕಿ ನೋಡುತ್ತೇನೆ. ನೋಡಿದ ಮೇಲೆ ನಿದ್ದೆ ಬರುವುದಿಲ್ಲ. ಅವನು ಬೆಳೆದ ನೆಲದ ಮೇಲೆ ಒಮ್ಮೆ ನಿಂತು ಬರಬೇಕು ಅನ್ನುವ ಆಸೆ ಹಾಗೆ ಹುಟ್ಟಿದ್ದು.

ಮಾವ ಬರುತ್ತೇನೆ ಅಂದದ್ದು ನನಗೆ ಆಶ್ಚರ್ಯ. ಅವರು ಹಲಸೂರಿನಲ್ಲಿ ಬೆಳೆದವರು, ಬೆಂಗಳೂರಿನ ಒಂದು ಫ್ಯಾಕ್ಟರಿಯ ಹಾಕಿ ತಂಡದಲ್ಲಿ ರೈಟ್ ಹಾಫ್, ಅಂದರೆ ಮಧ್ಯದ ಸಾಲಿನ ಬಲಬದಿಯ ಆಟಗಾರ ಆಗಿದ್ದವರು. ಧನರಾಜ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ. "ಮೂರು ಜನಾನ ದಾಟ್ತಾನೆ. ಸರಿ. ನಾಲ್ಕನೆಯವನ ಹತ್ರ ಯಾಕೋ ಹೋಗ್ತಾನೆ? ಪಕ್ಕದಲ್ಲಿ ಒಬ್ಬ ನಿಂತು ಕೈ ಎತ್ತುತ್ತಾ ಇರ್ತಾನೆ, ಕಾಣಲ್ವಾ?" ಇದು ಅವರ ಹಳೆಯ ದೂರು.

ಗುರುವಾರ ರಾತ್ರಿ, ಉದ್ಯಾನ್ ಎಕ್ಸ್‌ಪ್ರೆಸ್

ಬೆಂಗಳೂರಿನಿಂದ ರಾತ್ರಿ ಹತ್ತಿದರೆ ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ಕಲಬುರಗಿ ಕಡೆಯ ಕಪ್ಪು ನೆಲ. ಇದಕ್ಕೇ ನಾನು ವಿಮಾನ ಬೇಡ ಅಂದದ್ದು. ಅತ್ತೆ ಚಪಾತಿ, ಹುಣಸೆಹಣ್ಣಿನ ಗೊಜ್ಜು ಕಟ್ಟಿಕೊಟ್ಟಿದ್ದರು. ಗುಂತಕಲ್ ಬರುವ ಮೊದಲೇ ಅದು ಮುಗಿದು, ಮಾತು ಬ್ಯಾಂಕಾಕ್‌ಗೆ ಬಂತು.

ಧನರಾಜ್ ಮಾತು ಎತ್ತಿದರೆ 1998ರ ಬ್ಯಾಂಕಾಕ್ ಬರಲೇಬೇಕು. ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಭಾರತ ಚಿನ್ನ ಗೆದ್ದು 32 ವರ್ಷ ಆಗಿತ್ತು. ಹಿಂದಿನ ಸಲ, 1966ರಲ್ಲಿ ಗೆದ್ದದ್ದೂ ಬ್ಯಾಂಕಾಕ್‌ನಲ್ಲೇ. ಧನರಾಜ್ ನಾಯಕ. ಫೈನಲ್ ಕೊರಿಯಾ ಎದುರು. ಪಂದ್ಯ ಸಮ ಆಗಿ ಟೈಬ್ರೇಕರ್‌ಗೆ, ಅಂದರೆ ಪೆನಾಲ್ಟಿ ಹೊಡೆತಗಳಿಗೆ ಹೋಯಿತು. ಗೋಲಿನಲ್ಲಿ ನಮ್ಮ ಆಶಿಶ್ ಬಲ್ಲಾಳ್ ನಿಂತ. ನಿಂತು ಗೆಲ್ಲಿಸಿದ. ಅವತ್ತು ಮಾವನ ಮನೆಯಲ್ಲಿ ಬೀದಿಯ ಹತ್ತಿಪ್ಪತ್ತು ಜನ ಸೇರಿದ್ದರು. ಮಾವ ಎಲ್ಲರಿಗೂ ಕಾಫಿ ಮಾಡಿಸಿದರು.

ಆಮೇಲೆ ಏನಾಯಿತು ಅನ್ನುವುದು ಹಾಕಿ ನೋಡುವವರಿಗೆಲ್ಲ ಗೊತ್ತು. ಗೆದ್ದು ಬಂದ ಕೆಲವೇ ದಿನಗಳಲ್ಲಿ ಧನರಾಜ್ ಮತ್ತು ಇನ್ನೂ ಆರು ಆಟಗಾರರು ತಂಡದಿಂದ ಹೊರಗೆ. ಆ ಪಟ್ಟಿಯಲ್ಲಿ ಬಲ್ಲಾಳ್ ಕೂಡ ಇದ್ದ. ಕೋಚ್ ಎಂ. ಕೆ. ಕೌಶಿಕ್ ಕೂಡ ಉಳಿಯಲಿಲ್ಲ. ಫೆಡರೇಷನ್‌ಗೆ ಆಗ ಕೆ. ಪಿ. ಎಸ್. ಗಿಲ್ ಅಧ್ಯಕ್ಷರು. ಹಿರಿಯ ಆಟಗಾರರಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಅಂತ ವಿವರಣೆ ಬಂತು. ಭತ್ಯೆ, ಪಂದ್ಯದ ದುಡ್ಡು, ತಯಾರಿ ಸಾಲದು ಅಂತ ಧನರಾಜ್ ಬಹಿರಂಗವಾಗಿ ಮಾತಾಡಿದ್ದ. ವಿಶ್ರಾಂತಿ ಅನ್ನುವ ಮಾತನ್ನು ನಂಬಿದವರು ಕಡಿಮೆ.

"ಆವತ್ತು ನಾನು ಅವನ ಕಡೆ" ಅಂದರು ಮಾವ, ಮೇಲಿನ ಬರ್ತಿನಿಂದ. "ಆಮೇಲೆ ಅವನ ಕಡೆ ಇರೋದು ಕಷ್ಟ ಆಯ್ತು ಕಣೋ."

ಎದುರು ಸೀಟಿನ ಹೆಂಗಸು ಲೈಟ್ ಆರಿಸಿ ಅಂದರು. ಮಾತು ಅಲ್ಲಿಗೆ ನಿಂತಿತು.

ಶುಕ್ರವಾರ, ಸೊಲ್ಲಾಪುರ ದಾಟಿ ಪುಣೆ

ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ ತೆಗೆದುಕೊಳ್ಳದೆ ಮುಂದೆ ಹೋಗಬೇಡಿ. ಮಾರುವವರ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡಬಹುದು. ನಮಗೆ ಸಿಕ್ಕ ಅಜ್ಜ "ಖಾರ ಜಾಸ್ತಿ ಐತ್ರಿ, ನೋಡ್ಕೊಂಡು ಉಣ್ರಿ" ಅಂತ ಹೇಳಿಯೇ ಕೊಟ್ಟ. ಕುಟ್ಟಿದ ಶೇಂಗಾದ ಎಣ್ಣೆ ಕಾಗದಕ್ಕೆ ಬಿಟ್ಟುಕೊಂಡು ಪೊಟ್ಟಣ ಒದ್ದೆ ಆಗಿತ್ತು. ಮುಂದಿನ ದಿನಗಳಲ್ಲಿ ಬ್ರೆಡ್ಡಿನ ಜೊತೆ, ವಡಾಪಾವ್ ಜೊತೆ, ಬರೀ ಬಾಯಿಗೂ ಅದೇ ನಡೆಯಿತು.

ದೌಂಡ್ ದಾಟುವವರೆಗೆ ಬಿಸಿಲು. ಪುಣೆ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ಮಳೆ ಶುರು. ನಾವು ಮೊದಲೇ ಹೇಳಿಟ್ಟಿದ್ದ ವಸತಿಗೃಹದಲ್ಲಿ ನಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಎಪ್ಪತ್ತು ದಾಟಿದ ಮಾವ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತರು. ಒಂದು ಗಂಟೆ ಅಲೆದು ಶಿವಾಜಿನಗರದ ಕಡೆ ಚಿಕ್ಕದೊಂದು ಕೋಣೆ ಸಿಕ್ಕಿತು. ಅದೇ ಒಳ್ಳೆಯದಾಯಿತು. ಲೋಣಾವಳ ಕಡೆಗೆ ಹೋಗುವ ಲೋಕಲ್ ಗಾಡಿಗಳು ಶಿವಾಜಿನಗರದಲ್ಲಿ ನಿಲ್ಲುತ್ತವೆ. ಮುಂದಿನ ನಿಲ್ದಾಣವೇ ಖಡ್ಕಿ.

ರಾತ್ರಿ ಒಂದು ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಖೀಮಾ ತಿಂದೆವು. ಮಾವ ಮೂರು ಚಹಾ ಕುಡಿದು ಚೇತರಿಸಿಕೊಂಡರು.

ಶನಿವಾರ, ಖಡ್ಕಿ

ಖಡ್ಕಿ ಸ್ಟೇಷನ್ ಸಣ್ಣದು. ಹೊರಗೆ ಬಂದರೆ ಹಳೆಯ ಮರಗಳು, ಸುಣ್ಣ ಬಳಿದ ಕಲ್ಲುಗಳು, ಬೇಲಿ, ಬೇಲಿಯ ಮೇಲೆ ಫಲಕ. ದಂಡಿನ ಊರುಗಳೆಲ್ಲ ಹೀಗೇ ಇರುತ್ತವೆ. 1817ರಲ್ಲಿ ಪೇಶ್ವೆ ಎರಡನೇ ಬಾಜಿರಾಯನ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದದ್ದು ಇಲ್ಲೇ. ಆಮೇಲೆ ದಂಡು ಬಂತು, 1869ರಲ್ಲಿ ಮದ್ದುಗುಂಡಿನ ಫ್ಯಾಕ್ಟರಿ ಬಂತು, ಅದರ ಹಿಂದೆ ಕೆಲಸ ಹುಡುಕಿಕೊಂಡು ದಕ್ಷಿಣದ ಜನ ಬಂದರು. ಬಜಾರಿನ ಕಡೆ ನಡೆದರೆ ಇದು ತಾನಾಗಿ ಗೊತ್ತಾಗುತ್ತದೆ. ಒಂದು ಗಾಡಿಯಲ್ಲಿ ಮಿಸಳ್, ಅದರ ಪಕ್ಕದ ಗಾಡಿಯಲ್ಲಿ ಇಡ್ಲಿ. ಇಡ್ಲಿ ಮಾಡುವಾಕೆ ಗಿರಾಕಿಗಳ ಜೊತೆ ಮರಾಠಿ, ಮಗನ ಜೊತೆ ತಮಿಳು ಆಡುತ್ತಿದ್ದಳು. ಮಾವನ ಮುಖ ಅರಳಿತು. ಹಲಸೂರಿನ ತಮಿಳು ಅವರಿಗೆ ಸರಾಗ. ಮುಂದಿನ ದಾರಿಯೆಲ್ಲ ಅವರದ್ದೇ ಯಜಮಾನಿಕೆ.

ಒಂದು ಎಚ್ಚರಿಕೆ. ಫ್ಯಾಕ್ಟರಿ ಗೇಟಿನ ಹತ್ತಿರ ಮೊಬೈಲ್ ಎತ್ತಬೇಡಿ. ನಾನು ಗೇಟಿನಿಂದ ಸಾಕಷ್ಟು ದೂರದಲ್ಲಿ ನಿಂತು ಒಂದು ಆಲದ ಮರದ ಫೋಟೋ ತೆಗೆಯುತ್ತಿದ್ದೆ. ಕಾವಲಿನವನು ಓಡಿ ಬಂದ. ಫೋಟೋ ಅಳಿಸಿ ತೋರಿಸಿದ ಮೇಲೆಯೇ ಬಿಟ್ಟ. ಯಾಕೆ ಬಂದಿರಿ ಅಂತ ಕೇಳಿದ. ಧನರಾಜ್ ಹೆಸರು ಹೇಳಿದ್ದೇ ಅವನ ದನಿ ಬದಲಾಯಿತು. ಹಾಕಿ ಆಡುವ ಹುಡುಗರು ಎಲ್ಲಿ ಸಿಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಲ್ಲ ಹೇಳಿ ಕಳಿಸಿದ. ಒಳಗೆ ಹೋಗಲು ಅನುಮತಿ ಬೇಕಾಗುತ್ತದೆ, ಹೊರಗಿನ ಮೈದಾನಕ್ಕೆ ಹೋಗಿ ಅಂದ.

ಆ ಮೈದಾನಕ್ಕೆ ಹೋಗುವ ದಾರಿಯಲ್ಲಿ ಮಾವನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿ ಉಂಗುಷ್ಟ ಕಿತ್ತುಬಂತು. ಮಳೆಯಲ್ಲಿ ಕುಂಟುತ್ತಾ ಒಂದು ಟೀ ಅಂಗಡಿ ಸೇರಿದೆವು. ನಮ್ಮ ಪಾಲಿಗೆ ಇಡೀ ಪ್ರವಾಸದ ಒಳ್ಳೆಯ ಗಂಟೆ ಅದು.

ಅಂಗಡಿಯಲ್ಲಿ ಒಬ್ಬ ಹಿರಿಯರು ಕೂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಮಡಚುವ ಛತ್ರಿ. ಇಲ್ಲಿನ ಕಾರ್ಖಾನೆಯಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಅವರ ಅಪ್ಪ ವೆಲ್ಲೂರಿನ ಕಡೆಯಿಂದ ಬಂದವರಂತೆ. ಮಾವ "ಅಣ್ಣೆ" ಅಂತ ಶುರು ಮಾಡಿದರು. ಐದು ನಿಮಿಷದಲ್ಲಿ ಇಬ್ಬರೂ ಚಿಕ್ಕಂದಿನ ಹಾಕಿಯಲ್ಲಿ ಮುಳುಗಿಹೋದರು. ನಾನು ಮಧ್ಯೆ ಮಧ್ಯೆ ಅರ್ಥ ಕೇಳುತ್ತಾ ಕೂತೆ.

ಮುರಿದ ಸ್ಟಿಕ್ ಸರಿ ಮಾಡುವುದು ಹೇಗೆ ಅಂತ ಇಬ್ಬರೂ ಒಟ್ಟಿಗೆ ತೋರಿಸಿದರು. ಅಂಗಡಿಯವನ ಪೊರಕೆ ಹಿಡಿಯೇ ಸ್ಟಿಕ್ ಆಯಿತು. ಮೊದಲು ಸೀಳಿನೊಳಗೆ ಗೋಂದು ತುಂಬಬೇಕು. ಎರಡು ಕಡೆ ಅದುಮಿ ಹಿಡಿದು ಹುರಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಉಗುರು ಹೋಗಬಾರದು. ಹುರಿಯ ತುದಿಯನ್ನು ಗಂಟು ಹಾಕುವ ಹಾಗಿಲ್ಲ. ಗಂಟಿಗೆ ಚೆಂಡು ತಾಗಿದರೆ ದಾರಿ ತಪ್ಪುತ್ತದೆ. ತುದಿಯನ್ನು ಸುತ್ತುಗಳ ಅಡಿಯಲ್ಲೇ ತೂರಿಸಿ ಎಳೆಯಬೇಕು. ಒಂದು ರಾತ್ರಿ ಒಣಗಬೇಕು. ಹಾಗೆ ಕಟ್ಟಿದ ಸ್ಟಿಕ್ಕಿನ ಕೆಳಭಾಗ ಭಾರ ಆಗುತ್ತದೆ, ಜೋರಾಗಿ ಹೊಡೆದರೆ ಮತ್ತೆ ಬಿಡುತ್ತದೆ. "ಅದಕ್ಕೇ ನಾವು ಹೊಡೆಯುತ್ತಿರಲಿಲ್ಲ. ತಳ್ಳಿಕೊಂಡೇ ಓಡುತ್ತಿದ್ದೆವು" ಅಂದರು ಹಿರಿಯರು.

ನಾನು ಮಾವನ ಕಡೆ ನೋಡಿದೆ. ಮಾವ ನನ್ನ ಕಡೆ ನೋಡಲಿಲ್ಲ.

ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು, ಮೈ ಬಗ್ಗಿಸಿ, ಎಡಕ್ಕೆ ಹೋಗುತ್ತೇನೆ ಅಂತ ಭುಜದಲ್ಲಿ ಸುಳ್ಳು ಹೇಳಿ ಬಲಕ್ಕೆ ನುಗ್ಗುವ ಧನರಾಜನ ಓಟ ನನ್ನ ಕಣ್ಣ ಮುಂದೆ ಬಂತು. ಅವನ ಆರಾಧ್ಯದೈವ ಬನಾರಸಿನ ಮೊಹಮ್ಮದ್ ಶಾಹಿದ್. ಶಾಹಿದನ ಡ್ರಿಬ್ಲಿಂಗ್ ಅವನಲ್ಲಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಖಡ್ಕಿಯ ಮಣ್ಣೂ ಇದೆ ಅಂತ ನನಗೆ ಅವತ್ತು ಅನ್ನಿಸಿತು.

ಆಮೇಲೆ ಜಗಳಗಳ ಮಾತು ಬಂತು. ನಾನೇ ಎತ್ತಿದೆ. ಭಾರತದ ಪರವಾಗಿ 339 ಪಂದ್ಯ ಆಡಿದವನು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್, ನಾಲ್ಕು ಏಷ್ಯನ್ ಗೇಮ್ಸ್, ನಾಲ್ಕು ಚಾಂಪಿಯನ್ಸ್ ಟ್ರೋಫಿ. ಇಷ್ಟು ದೊಡ್ಡ ಆಟಗಾರ ದುಡ್ಡಿನ ಬಗ್ಗೆ ಅಷ್ಟು ಸಿಟ್ಟಾಗಬೇಕಿತ್ತಾ ಅಂತ ಮಾವನ ಕೈಲಿ ಕೇಳಿಸಿದೆ.

ಹಿರಿಯರು ಗ್ಲಾಸ್ ಕೆಳಗಿಟ್ಟರು. ಅವರು ಹೇಳಿದ್ದನ್ನು ಮಾವ ಹೀಗೆ ಹೇಳಿದರು: "ಫ್ಯಾಕ್ಟರಿ ಕಾಲೊನಿಯಲ್ಲಿ ಬೆಳೆದ ಹುಡುಗ ಅವನು. ಇಲ್ಲಿ ಓವರ್‌ಟೈಮ್ ದುಡ್ಡು ಕೇಳೋದು ಜಗಳ ಅಲ್ಲ. ಕೆಲಸ ಮಾಡಿದೀವಿ, ಕೊಡಿ ಅಂತೀವಿ. ನಮ್ಮನ್ನು ಯಾರೂ ಅಹಂಕಾರಿ ಅನ್ನಲ್ಲ. ಅವನು ಅದೇ ಮಾತನ್ನು ಡೆಲ್ಲಿಯಲ್ಲಿ ಹೇಳಿದ. ಅವನನ್ನು ಯಾಕೆ ಅಹಂಕಾರಿ ಅಂದ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ನಾನು ಓದಿದ ಯಾವ ಲೇಖನವೂ ಈ ಮಾತನ್ನು ಹೀಗೆ ಹೇಳಿರಲಿಲ್ಲ. ನಾವು ಅವನ ಸಿಟ್ಟನ್ನು ಸ್ಟಾರ್ ಒಬ್ಬನ ಸಿಟ್ಟು ಅಂತ ನೋಡಿದೆವು. ಕ್ರಿಕೆಟಿಗರಿಗೆ ದುಡ್ಡು ಹರಿಯುತ್ತಿದ್ದ ಅದೇ ಹೊತ್ತಿನಲ್ಲಿ ದೇಶದ ಹಾಕಿ ನಾಯಕ ಭತ್ಯೆಯ ಲೆಕ್ಕ ಕೇಳಬೇಕಾಗಿ ಬಂದದ್ದು ಯಾರಿಗೆ ನಾಚಿಕೆಗೇಡು? ಅವನಿಗಂತೂ ಅಲ್ಲ.

ಆದರೆ ಮಾವ ಬಿಡಲಿಲ್ಲ. ಅವರೂ ಫ್ಯಾಕ್ಟರಿಯವರೇ, ಯೂನಿಯನ್ನಿನಲ್ಲಿ ಓಡಾಡಿದವರೇ. "ಕೇಳೋದು ಸರಿ ಅಣ್ಣೆ. ಆದ್ರೆ ಮುಂದೆ ನಿಂತು ಕೇಳೋನು ಹಿಂದೆ ಇರೋರ ಹೊಟ್ಟೆ ನೋಡ್ಬೇಕು. ಅವನನ್ನ ತೆಗೆದ್ರು, ಮತ್ತೆ ಕರೆದ್ರು. 2000ದಲ್ಲಿ ಅವನು ಸಿಡ್ನಿ ಒಲಿಂಪಿಕ್ಸ್‌ಗೆ ಹೋದ. ನಮ್ಮ ಬಲ್ಲಾಳ್ ಹೋದ್ನಾ?"

ಹಿರಿಯರು ಬಹಳ ಹೊತ್ತು ಯೋಚನೆ ಮಾಡಿದರು. "ಅದು ಸತ್ಯ" ಅಂದರು. "ಆದ್ರೆ ಅವರನ್ನು ತೆಗೆದದ್ದು ಧನರಾಜ್ ಅಲ್ಲ."

ಚಹಾದ ದುಡ್ಡು ಅವರೇ ಕೊಟ್ಟರು. ಎಷ್ಟು ಹೇಳಿದರೂ ಕೇಳಲಿಲ್ಲ. ಪಕ್ಕದ ಬೀದಿಯ ಚಮ್ಮಾರನ ಹತ್ತಿರ ಮಾವನನ್ನು ಕರೆದುಕೊಂಡು ಹೋಗಿ ಚಪ್ಪಲಿ ಹೊಲಿಸಿಕೊಟ್ಟು ಹೋದರು.

ಭಾನುವಾರ, ಪಿಂಪ್ರಿಯ ಟರ್ಫ್, ಮತ್ತೆ ಖಡ್ಕಿ

ಬೆಳಗ್ಗೆ ಪಿಂಪ್ರಿಗೆ ಹೋದೆವು. ನೆಹರೂನಗರದಲ್ಲಿ ಮೇಜರ್ ಧ್ಯಾನಚಂದ್ ಹೆಸರಿನ ಹಾಕಿ ಸ್ಟೇಡಿಯಂ ಇದೆ. 2021ರ ಕೊನೆಯಲ್ಲಿ ಪುರುಷರ ಸೀನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲಿ. ಆ ಕಡೆಗೆ ಮೆಟ್ರೋ ಇದೆ, ಇಳಿದು ಆಟೋ ಹಿಡಿದರೆ ಆಯಿತು. ನೀಲಿ ಟರ್ಫ್, ಅಂದರೆ ಕೃತಕ ಹುಲ್ಲುಹಾಸಿನ ಮೇಲೆ ಮಳೆ ನೀರು ತೆಳ್ಳಗೆ ನಿಂತಿತ್ತು. ಹುಡುಗಿಯರ ಒಂದು ತಂಡ ಅಭ್ಯಾಸ ಮಾಡುತ್ತಿತ್ತು. ಚೆಂಡು ಉರುಳುವಾಗ ಹಿಂದೆ ನೀರಿನ ಗೆರೆ ಏಳುತ್ತದೆ, ನೋಡೋಕೆ ಬಲು ಚಂದ. ಕೋಚ್ ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದರು: ಎರಡು ಸಲ ಮುಟ್ಟು, ಬಿಡು. ಎರಡು ಸಲ ಮುಟ್ಟು, ಬಿಡು.

"ಇದು ಹಾಕಿ" ಅಂದರು ಮಾವ, ಬಹಳ ತೃಪ್ತಿಯಿಂದ.

ಅವರು ಹೇಳಿದ್ದರಲ್ಲಿ ಸತ್ಯ ಇದೆ. ಧನರಾಜ್ ಆಡಿದ ಒಲಿಂಪಿಕ್ಸ್‌ಗಳಲ್ಲಿ ಭಾರತ ಬಾರ್ಸಿಲೋನಾದಲ್ಲಿ ಏಳನೆಯದು, ಅಟ್ಲಾಂಟಾದಲ್ಲಿ ಎಂಟು, ಸಿಡ್ನಿಯಲ್ಲಿ ಏಳು, ಅಥೆನ್ಸ್‌ನಲ್ಲಿ ಏಳು. ಅವನು ನಾಯಕನಾಗಿದ್ದ 1998ರ ವಿಶ್ವಕಪ್‌ನಲ್ಲಿ ಒಂಬತ್ತನೇ ಸ್ಥಾನ. ಆ ಹೊತ್ತಿಗೆ ಜರ್ಮನ್ನರೂ ಡಚ್ಚರೂ ಚೆಂಡನ್ನು ಓಡಿಸುತ್ತಿದ್ದರು, ನಾವು ಇನ್ನೂ ಆಟಗಾರನನ್ನು ಓಡಿಸುತ್ತಿದ್ದೆವು. 2000ದ ಹೊತ್ತಿಗೆ ನನಗೆ ಅವನ ಮೇಲೆ ಬೇಸರ ಬಂದದ್ದಕ್ಕೆ ಇದೂ ಒಂದು ಕಾರಣ. ಸಿಡ್ನಿಯಲ್ಲಿ ಪೋಲೆಂಡ್ ವಿರುದ್ಧ ಗೆದ್ದಿದ್ದರೆ ಸೆಮಿಫೈನಲ್. ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1-1. ಧನರಾಜ್ ಮಕ್ಕಳ ಥರ ಅತ್ತ. ಆವತ್ತು ನನಗೆ ಅಳು ಬರಲಿಲ್ಲ, ಕೋಪ ಬಂತು. ಅಳುವುದನ್ನು ಬಿಟ್ಟು ಬೇರೆ ಏನಾದರೂ ಮಾಡಬಾರದಾ ಅಂತ.

ಹಾಗಂತ ಕೋಪ ಪೂರ್ತಿ ಗೆದ್ದದ್ದೂ ಇಲ್ಲ. 2002ರಲ್ಲಿ ಕಲೋನ್‌ನ ಚಾಂಪಿಯನ್ಸ್ ಟ್ರೋಫಿಯಲ್ಲಿ 34 ವರ್ಷದ ಇವನು ಟೂರ್ನಿಯ ಶ್ರೇಷ್ಠ ಆಟಗಾರ. ಭಾರತ ನಾಲ್ಕನೇ ಸ್ಥಾನ. ಮಾರನೇ ವರ್ಷ ಕ್ವಾಲಾಲಂಪುರದಲ್ಲಿ ಇವನ ನಾಯಕತ್ವದಲ್ಲೇ ಪಾಕಿಸ್ತಾನವನ್ನು 4-2ರಿಂದ ಸೋಲಿಸಿ ಭಾರತ ಮೊದಲ ಸಲ ಏಷ್ಯಾ ಕಪ್ ಗೆದ್ದಿತು. ಬಿಟ್ಟೆ ಅಂದುಕೊಂಡಾಗಲೆಲ್ಲ ಅವನು ಹೀಗೆ ಎಳೆದು ತರುತ್ತಿದ್ದ.

ಸಂಜೆ ಮಾವನೇ ಮತ್ತೆ ಖಡ್ಕಿಗೆ ಹೋಗೋಣ ಅಂದರು. ನಿನ್ನೆ ಮಳೆಗೆ ಹುಡುಗರು ಬಂದಿರಲಿಲ್ಲ, ಇವತ್ತು ಬಂದಿರಬಹುದು ಅಂತ. ಬಂದಿದ್ದರು. ಮಳೆ ಸಣ್ಣಗೆ ಹನಿಯುತ್ತಿತ್ತು. ಮೈದಾನದ ಅರ್ಧ ಕೆಸರು. ಹತ್ತು ಹನ್ನೆರಡು ಹುಡುಗರು, ಒಂದೇ ಚೆಂಡು. ಗೋಲಿಗೆ ಎರಡು ಕಡೆ ಎರಡೆರಡು ಚೀಲ. ಕೆಲವರಿಗೆ ಶೂ, ಕೆಲವರು ಬರಿಗಾಲು.

ಒಬ್ಬ ಸಣಕಲ ಹುಡುಗನಿದ್ದ. ಅವನ ಸ್ಟಿಕ್ ಅವನಿಗಿಂತ ಒಂದು ಸೈಜ್ ದೊಡ್ಡದು, ಹಿಡಿಯ ಟೇಪ್ ಬಿಚ್ಚಿ ನೇತಾಡುತ್ತಿತ್ತು. ಚೆಂಡು ಅವನಿಗೆ ಸಿಗುವುದೇ ಅಪರೂಪ. ಸಿಕ್ಕಾಗ ಮಾತ್ರ ಅವನು ಯಾರಿಗೂ ಕೊಡುತ್ತಿರಲಿಲ್ಲ. ಕೆಸರಿನಲ್ಲಿ ಚೆಂಡು ನಿಂತರೆ ಸ್ಟಿಕ್ಕಿನ ತುದಿಯಿಂದ ಎತ್ತಿ ಒಂದು ಗೇಣು ಮುಂದೆ ಹಾಕುತ್ತಿದ್ದ, ಮತ್ತೆ ಓಡುತ್ತಿದ್ದ. ಎದುರಿನವನು ಬಂದರೆ ಮೈ ಇಳಿಸಿ ಒಳಗೆ ನುಸುಳುತ್ತಿದ್ದ. ಉಳಿದವರು "ದೇ ರೇ, ದೇ" ಅಂತ ಕೂಗುತ್ತಿದ್ದರು. ಕೊಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಅನ್ನುವುದು ಅವನಿಗೆ ಗೊತ್ತಿತ್ತು. ಹನ್ನೆರಡು ಜನಕ್ಕೆ ಒಂದು ಚೆಂಡು ಇರುವ ಮೈದಾನದಲ್ಲಿ ಎರಡು ಸಲ ಮುಟ್ಟಿ ಬಿಡುವುದನ್ನು ಯಾರು ಕಲಿಯುತ್ತಾರೆ?

ಧನರಾಜ್ ಚೆಂಡನ್ನು ಬಿಟ್ಟುಕೊಡದ ಹಟವೂ ಮಾತನ್ನು ಬಿಟ್ಟುಕೊಡದ ಹಟವೂ ಒಂದೇ ಜಾಗದಿಂದ ಬಂದವು ಅಂತ ಆ ಹುಡುಗನನ್ನು ನೋಡುತ್ತಾ ನನಗೆ ಬಲವಾಗಿ ಅನ್ನಿಸಿತು. ಅವನ ಓಟ ಬೇಕು, ಬಾಯಿ ಬೇಡ ಅಂತ ನಾನು ಇಷ್ಟು ವರ್ಷ ಅವನನ್ನು ಎರಡು ಭಾಗ ಮಾಡಲು ನೋಡುತ್ತಿದ್ದೆ. ಅದು ಆಗುವ ಮಾತಲ್ಲ.

ಮಾವ ಅಷ್ಟರಲ್ಲಿ ಪ್ಯಾಂಟ್ ಮಡಚಿ ಮೈದಾನಕ್ಕೆ ಇಳಿದಿದ್ದರು. ಆ ಹುಡುಗನ ಸ್ಟಿಕ್ ತೆಗೆದುಕೊಂಡು ಬಿಚ್ಚಿದ ಟೇಪನ್ನು ಬಿಗಿಯಾಗಿ ಸುತ್ತಿಕೊಟ್ಟರು. ಎಡಗೈ ಎಲ್ಲಿರಬೇಕು ಅಂತ ತೋರಿಸಿದರು. ಪಾಸ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸೋಮವಾರ, ಡೆಕ್ಕನ್ ಕ್ವೀನ್, ಚರ್ಚ್‌ಗೇಟ್

ಬೆಳಗ್ಗೆ ಪುಣೆಯಿಂದ ಡೆಕ್ಕನ್ ಕ್ವೀನ್. ಮಳೆಗಾಲದಲ್ಲಿ ಭೋರ್ ಘಾಟ್ ಇಳಿಯುವಾಗ ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೃಷ್ಟ. ಖಂಡಾಳ ದಾಟಿದ ಮೇಲೆ ಸುರಂಗ, ಬೆಳಕು, ಸುರಂಗ, ಬೆಳಕು. ಬೆಳಕಿನಲ್ಲೆಲ್ಲ ಬಂಡೆ ಮೇಲಿಂದ ನೀರು ಬೀಳುತ್ತಿರುತ್ತದೆ. ಈ ಗಾಡಿಯಲ್ಲಿ ಊಟದ ಬೋಗಿ ಇದೆ. ಟೇಬಲ್ಲಿಗೆ ಕೂತು ಆಮ್ಲೆಟ್, ಟೋಸ್ಟ್ ತಿನ್ನಬಹುದು. ಬೇಗ ಹೋಗಬೇಕು ಅಷ್ಟೆ, ಕರ್ಜತ್ ಬರುವ ಹೊತ್ತಿಗೆ ಜಾಗ ಇರುವುದಿಲ್ಲ.

ಧನರಾಜ್ ಕೂಡ ಇದೇ ದಾರಿಯಲ್ಲಿ ಮುಂಬೈಗೆ ಹೋದವನು. ಅಣ್ಣ ರಮೇಶ್ ಮೊದಲೇ ಅಲ್ಲಿ ಆರ್‌ಸಿಎಫ್ ಅನ್ನುವ ರಸಗೊಬ್ಬರ ಕಂಪನಿಯ ತಂಡದಲ್ಲಿದ್ದ. ಒಲಿಂಪಿಕ್ಸ್ ಆಡಿದ್ದ ಜೋಕಿಂ ಕರ್ವಾಲೋ ಕೈ ಹಿಡಿದು ಮಹೀಂದ್ರಾ ತಂಡಕ್ಕೆ ಸೇರಿಸಿದರು. 1989ರ ಡಿಸೆಂಬರ್‌ನಲ್ಲಿ ಭಾರತ ತಂಡ.

ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ನಮ್ಮ ಮಾತು ಕೇಳಿ ಗಲ್ಲಾದಲ್ಲಿದ್ದವರು "ಎಲ್ಲಿಂದ ಬಂದದ್ದು ಮಾರಾಯ್ರೆ?" ಅಂದರು. ಕಾರ್ಕಳದ ಕಡೆಯವರು. ಹಾಕಿ ಅಂದದ್ದೇ ಬಿಲ್ ಪುಸ್ತಕ ಮುಚ್ಚಿಟ್ಟರು. ಹುಡುಗನಾಗಿ ಈ ಹೋಟೆಲಿಗೆ ಬಂದಾಗ ಸಂಜೆ ಬಿಡುವು ಸಿಕ್ಕರೆ ಚರ್ಚ್‌ಗೇಟಿಗೆ ನಡೆದು ಹೋಗಿ ಪಂದ್ಯ ನೋಡುತ್ತಿದ್ದರಂತೆ. "ಅವ ಬಾಲ್ ತಕೊಂಡ್ರೆ ಜನ ಸೀಟಿನಲ್ಲಿ ಕೂರ್ತಿರ್ಲಿಲ್ಲ. ನಂಗೆ ರೂಲ್ಸ್ ಎಂತದ್ದೂ ಗೊತ್ತಿರ್ಲಿಲ್ಲ. ನಾನೂ ಎದ್ದು ನಿಲ್ತಿದ್ದೆ." ಜಗಳಗಳ ಬಗ್ಗೆ ಕೇಳಿದೆ. "ಜಗಳ ಮಾಡದೆ ಬೊಂಬಾಯಿಯಲ್ಲಿ ಯಾರು ಬದುಕಿದ್ದಾರೆ ಹೇಳಿ?"

ಮಹೀಂದ್ರಾ ಹಾಕಿ ಸ್ಟೇಡಿಯಂ ಚರ್ಚ್‌ಗೇಟ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಸುತ್ತ ವಾಂಖೆಡೆ, ಬ್ರೆಬೋರ್ನ್. ಎರಡು ಕ್ರಿಕೆಟ್ ಮೈದಾನಗಳ ಜನಜಂಗುಳಿಯ ಮಧ್ಯೆ ಇದನ್ನು ಹುಡುಕುವವರು ಕಡಿಮೆ. ಅವತ್ತು ಪಂದ್ಯ ಇರಲಿಲ್ಲ. ಕಾವಲಿನವರು ಐದು ನಿಮಿಷ ಒಳಗೆ ಬಿಟ್ಟರು. ಖಾಲಿ ಗ್ಯಾಲರಿಯಲ್ಲಿ ಕೂತು ನಾವಿಬ್ಬರೂ ಮಾತಾಡಿದ್ದು 2012ರ ಬಗ್ಗೆ.

ಆ ವರ್ಷ ವರ್ಲ್ಡ್ ಸೀರೀಸ್ ಹಾಕಿ ಅಂತ ಒಂದು ಲೀಗ್ ಬಂತು. 43 ವರ್ಷದ ಧನರಾಜ್ ನಮ್ಮ ಕರ್ನಾಟಕ ಲಯನ್ಸ್‌ಗೆ ಆಡಿದ. ಅರ್ಜುನ್ ಹಾಲಪ್ಪ ನಾಯಕ, ಜೂಡ್ ಫೆಲಿಕ್ಸ್ ಕೋಚ್. ನಾನು ಮಾವನನ್ನು ಎಳೆದುಕೊಂಡು ಅಕ್ಕಿತಿಮ್ಮನಹಳ್ಳಿಯ ಸ್ಟೇಡಿಯಂಗೆ ಹೋಗಿದ್ದೆ. ಮನಸ್ಸು ಸರಿ ಇರಲಿಲ್ಲ. ಆ ಲೀಗ್ ನಡೆಸಿದ್ದು ಅವನನ್ನು ಹೊರಗೆ ಹಾಕಿದ್ದ ಅದೇ ಹಳೆಯ ಫೆಡರೇಷನ್, ಒಂದು ಖಾಸಗಿ ಕಂಪನಿಯ ಜೊತೆ ಸೇರಿ. ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇರಲಿಲ್ಲ. 2008ರಲ್ಲಿ ಗಿಲ್ ಅವರ ಫೆಡರೇಷನ್ನನ್ನು ಪಕ್ಕಕ್ಕಿಟ್ಟಾಗ ಹಾಕಿ ನೋಡಿಕೊಳ್ಳಲು ನೇಮಿಸಿದ ಮಾಜಿ ಆಟಗಾರರ ಸಮಿತಿಯಲ್ಲಿ ಇವನೂ ಇದ್ದ. ಈಗ ಇದೇನು ಅಂತ ಅನ್ನಿಸಿತ್ತು. ಇವತ್ತಿಗೂ ಅದು ನನಗೆ ಪೂರ್ತಿ ಜೀರ್ಣ ಆಗಿಲ್ಲ. ಅಷ್ಟರಲ್ಲಿ ಅವನು ಮೈದಾನಕ್ಕೆ ಇಳಿದ. ಮೊದಲಿನ ವೇಗ ಇಲ್ಲ, ಕೂದಲೂ ಅಷ್ಟಿಲ್ಲ. ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದ. ಇಡೀ ಸ್ಟೇಡಿಯಂ ಎದ್ದಿತು.

"ನೀವೂ ಎದ್ದಿದ್ರಿ ಮಾವ, ನೆನಪಿದೆಯಾ?"

"ಎಲ್ಲಾರೂ ಎದ್ರು, ಕಾಣ್ಲಿಲ್ಲ ಅಂತ ಎದ್ದೆ ಕಣೋ" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಅಥೆನ್ಸ್‌ನಲ್ಲಿ ಮಾಡಿದ್ದು ಮಾತ್ರ ತಪ್ಪು" ಅಂದರು.

ಆ ಮಾತು ಅವರ ಬಾಯಿಂದ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. 2004ರ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ಕೋಚ್ ಮಾಡಿದ್ದರು. ಧನರಾಜ್ ತಂಡದಲ್ಲಿದ್ದ, ಆದರೆ ಹೆಚ್ಚಿನ ಹೊತ್ತು ಬೆಂಚಿನ ಮೇಲೆ. ಕೊರಿಯಾ ವಿರುದ್ಧದ ಕೊನೆಯ ಪಂದ್ಯದಲ್ಲಿ ಆಟ ಮುಗಿಯುವ ಹೊತ್ತಿಗೆ ಕೆಲವೇ ನಿಮಿಷ ಒಳಗೆ ಕಳಿಸಿದರು. ಅದೇ ಅವನ ಕೊನೆಯ ಅಂತರರಾಷ್ಟ್ರೀಯ ಪಂದ್ಯ. 36 ವರ್ಷಕ್ಕೆ ಅವನು ಪೂರ್ತಿ ಪಂದ್ಯ ಆಡುವ ಸ್ಥಿತಿಯಲ್ಲಿ ಇರಲಿಲ್ಲ ಅಂತ ವಾದ ಮಾಡಬಹುದು. ಮಾಡಲಿ. ಹದಿನೈದು ವರ್ಷ ತಂಡವನ್ನು ಹೊತ್ತವನನ್ನು ಕಳಿಸಿಕೊಡುವ ರೀತಿ ಅದಲ್ಲ. ಅವನ ಬಗ್ಗೆ ನನ್ನ ಎಷ್ಟೋ ಅಭಿಪ್ರಾಯ ಬದಲಾಗಿದೆ, ಇದೊಂದು ಬದಲಾಗಿಲ್ಲ.

ಹೊರಗೆ ಬಂದು ಬ್ರೆಬೋರ್ನ್ ಪಕ್ಕದ ರುಸ್ತುಂ ಅಂಗಡಿಯಲ್ಲಿ ಐಸ್‌ಕ್ರೀಂ ತಿಂದೆವು. ಎರಡು ತೆಳು ಬಿಸ್ಕತ್ತಿನ ನಡುವೆ ದಪ್ಪ ತುಂಡು ಇಟ್ಟು ಕಾಗದದಲ್ಲಿ ಕೊಡುತ್ತಾರೆ. ಮಳೆಯಲ್ಲಿ ನಿಂತು ತಿನ್ನಬೇಕು, ಬೇಗ ತಿನ್ನಬೇಕು.

ಮಂಗಳವಾರ, ವಾಪಸ್ ದಾರಿ

ಬೆಳಗ್ಗೆ ಮತ್ತೆ ಉದ್ಯಾನ್ ಹತ್ತಿದೆವು. ಪುಣೆ ದಾಟಿದ ಮೇಲೆ ಮಾವ ಕಾಗದ ತೆಗೆದುಕೊಂಡು ತಮ್ಮ ಸಾರ್ವಕಾಲಿಕ ಭಾರತ ತಂಡ ಬರೆದರು. ಹಾಫ್ ಲೈನಿಗೇ ಅರ್ಧ ಗಂಟೆ ಹಿಡಿಯಿತು. ಫಾರ್ವರ್ಡ್‌ಗಳಲ್ಲಿ ಧನರಾಜ್ ಹೆಸರಿತ್ತು. ನಾಯಕನ ಜಾಗದಲ್ಲಿ ಇರಲಿಲ್ಲ. ಯಾಕೆ ಅಂದೆ. "ನಾಯಕ ಅಂದ್ರೆ ಬಲ್ಲಾಳ್ ಥರದವರನ್ನ ಉಳಿಸಿಕೊಂಡು ಜಗಳ ಆಡೋನು" ಅಂದರು. ಅವನು ಸುಮ್ಮನಿದ್ದಿದ್ದರೆ ಮುಂದೆ ಬಂದ ಹುಡುಗರ ಭತ್ಯೆಯ ಮಾತನ್ನು ಯಾರು ಎತ್ತುತ್ತಿದ್ದರು ಅಂತ ನಾನು ಕೇಳಿದೆ. ಕಲಬುರಗಿ ದಾಟಿದರೂ ವಾದ ಮುಗಿಯಲಿಲ್ಲ. ನಾನು ನನ್ನ ಪಟ್ಟಿಯಲ್ಲಿ ಅವನನ್ನೇ ನಾಯಕ ಮಾಡಿದ್ದೇನೆ, ಗೋಲಿನಲ್ಲಿ ಬಲ್ಲಾಳ್.

ನೀವು ಖಡ್ಕಿಗೆ ಹೋಗುವುದಾದರೆ ಮಳೆಗಾಲದಲ್ಲೇ ಹೋಗಿ. ದೊಡ್ಡ ಮಳೆ ಇಲ್ಲದ ದಿನ ಸಂಜೆ ನಾಲ್ಕೂವರೆ ಮೇಲೆ ಹುಡುಗರು ಇರುತ್ತಾರೆ. ತಮಿಳು ಬಲ್ಲವರು ಜೊತೆಗಿದ್ದರೆ ಒಳ್ಳೆಯದು, ಚಪ್ಪಲಿ ಬೇಡ, ಶೂ ಹಾಕಿ. ಮನೆಯಲ್ಲಿ ಹಳೆಯ ಸ್ಟಿಕ್ ಇದ್ದರೆ ಮುರಿದಿದ್ದರೂ ತೆಗೆದುಕೊಂಡು ಹೋಗಿ, ಅಲ್ಲಿ ಅದನ್ನು ಕಟ್ಟುವವರಿದ್ದಾರೆ. ಮಾವ ಹಲಸೂರಿನ ಹಳೆಯ ಗೆಳೆಯರ ಮನೆಗಳಿಂದ ಈಗಾಗಲೇ ಒಂದಷ್ಟು ಸೇರಿಸಿ ಇಟ್ಟಿದ್ದಾರೆ. ಚೆಂಡುಗಳನ್ನು ನಾನು ಕೊಳ್ಳಬೇಕಂತೆ.